ಹಿತ್ತಿಲ ಗೆಡ್ಡೆ ತರಕಾರಿಗಳೂ ಮಣ್ಣಿನ ಆರೋಗ್ಯವೂ

ಹಿತ್ತಿಲಿನಲ್ಲಿ ನಾಲ್ಕು ಮಡಿಗಳಷ್ಟು ಸ್ಥಳವಿರುವ ಗೃಹಸ್ಥರು ಆಲೂಗೆಡ್ಡೆ, ಮೂಲಂಗಿ, ಗಜ್ಜರಿ, ಬೀಟ್‌ರೂಟ್ ಮುಂತಾದುವನ್ನು ಮನೆಯ ಖರ್ಚಿಗಾಗಿ ಬೆಳೆದುಕೊಳ್ಳುವುದು ಶ್ಲಾಘ್ಯವಾದ ವಿಷಯ. ಆದರೆ ಈ ಬೆಳೆಗಳಲ್ಲಿ ಒಂದು ವಿಶೇಷವುಂಟು. ಬದನೆಕಾಯಿಗೆ ತಗುಲಿದ ಕೇಡು ದಿನದಿನವೂ ಕಣ್ಣಿಗೆ ಬೀಳುತ್ತದೆ; ನೆಲದೊಳಗಿನ ಗೆಡ್ಡೆಗೆ ತಗುಲಿದ ಕೇಡು ಬಹುಮಟ್ಟಿಗೆ ಅಗೆಯುವ ದಿನದವರೆಗೂ ತಿಳಿಯುವುದಿಲ್ಲ. ಆಗ ಔಷಧವನ್ನು ಹುಡುಕಿಕೊಂಡು ಅಂಗಡಿಗೆ ಹೋಗುವುದರಿಂದ ಪ್ರಯೋಜನವಿಲ್ಲ. ಈ ತರಕಾರಿಗಳ ಚಿಕಿತ್ಸೆಯು ಬಿತ್ತನೆಗೆ ಮೊದಲೇ ನಡೆಯತಕ್ಕದ್ದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಮೊದಲನೆಯದು ಮಣ್ಣು. ಒಲೆಯ ಬೂದಿಯನ್ನೂ ಸುಣ್ಣವನ್ನೂ ಎಲ್ಲಾ ಮಡಿಗಳಿಗೂ ಎರಚುವ ವಾಡಿಕೆ ಅನೇಕರಲ್ಲಿದೆ. ಆಲೂಗೆಡ್ಡೆಗೆ ಇದು ಹಿತವಲ್ಲ. ಅದರ ಸಿಪ್ಪೆಯ ಮೇಲೆ ಒರಟಾದ ಹಕ್ಕಳೆಗಳನ್ನೆಬ್ಬಿಸುವ ಕಜ್ಜಿರೋಗದ ಸೂಕ್ಷ್ಮಜೀವಿಗಳು ಮಣ್ಣಿನ ರಸಸಾರವು 5.5ಕ್ಕಿಂತ ಮೇಲೇರಿದಾಗ ಪ್ರಬಲಿಸುತ್ತವೆ; ಬೂದಿಯೂ ಸುಣ್ಣವೂ ರಸಸಾರವನ್ನು ಏರಿಸತಕ್ಕವುಗಳೇ. ಬೀಟ್‌ರೂಟಿನ ಒಳಭಾಗವು ಅಲ್ಲಲ್ಲಿ ಕಪ್ಪಾಗುವುದಕ್ಕೆ ಬೋರಾನ್ ಎಂಬ ಧಾತುವಿನ ಕೊರತೆ ಕಾರಣ. ಸುಣ್ಣವು ಮಿತಿಮೀರಿದರೆ ಆ ಕೊರತೆಯೂ ಹೆಚ್ಚುತ್ತದೆ. ಹಾಗೆಂದು ಸುಣ್ಣವೇ ವರ್ಜ್ಯವೆಂದು ತಿಳಿಯಬಾರದು. ಮಲೆನಾಡಿನ ಬಹಳ ಹುಳಿಯಾದ ಮಣ್ಣಿಗೆ ಅದು ಬೇಕಾದೀತು. ಮಣ್ಣನ್ನು ಪರೀಕ್ಷೆ ಮಾಡಿಸಿ ಹಾಕುವುದು ವಿವೇಕ. ನೆರೆಯವರು ಹಾಕಿದರೆಂದು ಹಾಕುವುದು ಅವಿವೇಕ.

ಹಸಿ ಸೆಗಣಿಯ ವಿಷಯದಲ್ಲಿಯೂ ಎಚ್ಚರಿಕೆ ಬೇಕು. ಹಸಿ ಗೊಬ್ಬರವೂ ಕಲ್ಲುಹೆಂಟೆಗಳೂ ಇರುವ ನೆಲದಲ್ಲಿ ಗಜ್ಜರಿಯೂ ಮೂಲಂಗಿಯೂ ನೆಟ್ಟಗೆ ಇಳಿಯದೆ ಕವಲೊಡೆಯುತ್ತವೆ. ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರವನ್ನೇ ಹಾಕಿ, ಒಂದು ಗೇಣಿಗೆ ಕಡಿಮೆಯಿಲ್ಲದಂತೆ ಅಗೆದು ಹದಮಾಡತಕ್ಕದ್ದು. ನೀರೂ ಹಾಗೆಯೇ. ಹಲವು ದಿನ ಒಣಗಿಸಿ ಒಂದೇ ದಿನ ತುಂಬಿ ಹರಿಸಿದರೆ ಗೆಡ್ಡೆಗಳು ಬಿರಿಯುತ್ತವೆ. ಆಲೂಗೆಡ್ಡೆಯು ಗೆಡ್ಡೆ ಕಟ್ಟಲು ತೊಡಗಿದ ಮೇಲೆ ನಾಲ್ಕೈದು ವಾರ ನೆಲವು ಒಣಗದಂತೆ ನೋಡಿಕೊಂಡರೆ ಕಜ್ಜಿಯೂ ಬಹಳ ಮಟ್ಟಿಗೆ ತಗ್ಗುತ್ತದೆ.

ಎರಡನೆಯದು ಬೀಜ. ಅಡಿಗೆಗೆ ತಂದು ಮೊಳೆತುಹೋದ ಆಲೂಗೆಡ್ಡೆಯನ್ನು ಹೂಳುವುದು ಮಿತವ್ಯಯದಂತೆ ಕಂಡರೂ ದುಬಾರಿಯಾದ ಕೆಲಸ. ಅಂಗಮಾರಿ, ಕಜ್ಜಿ, ಕೊಳೆ ಇವುಗಳೆಲ್ಲವೂ ಬೀಜದ ಗೆಡ್ಡೆಯೊಡನೆಯೇ ಹಿತ್ತಿಲನ್ನು ಪ್ರವೇಶಿಸಬಲ್ಲವು. 1845ರಲ್ಲಿ ಐರ್ಲೆಂಡಿನ ಆಲೂಗೆಡ್ಡೆಯ ಬೆಳೆಯನ್ನು ಹಾಳುಮಾಡಿ ಘೋರವಾದ ಕ್ಷಾಮಕ್ಕೆ ಕಾರಣವಾದುದು ಈ ಅಂಗಮಾರಿಯೇ. ಹಾಸನದ ಸೀಮೆಯ ಮುಂಗಾರು ಬೆಳೆಗೂ ಇದೇ ಶತ್ರು. ಇದನ್ನು ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣವು ಎಲೆಗೆ ಕವಚವಾಗುವುದೇ ಹೊರತು ಒಳಹೊಕ್ಕ ರೋಗವನ್ನು ಹೊರಡಿಸಲಾರದು. ಆದಕಾರಣ ಪ್ರಮಾಣೀಕೃತ ಬೀಜವನ್ನೇ ಕೊಳ್ಳುವುದು ಉತ್ತಮ.

“ನಾಲ್ಕು ಮಡಿಗಳಿಗೆ ಇಷ್ಟು ಶ್ರಮವೇಕೆ?” ಎಂದು ಕೆಲವರು ಕೇಳಬಹುದು. ನಾಲ್ಕೇ ಮಡಿಗಳಿರುವುದರಿಂದಲೇ ಎಂಬುದು ನಮ್ಮ ಉತ್ತರ. ಒಂದು ಬೆಳೆ ಕೆಟ್ಟರೆ ಆಗುವ ನಷ್ಟ ಅಲ್ಪ. ಮಣ್ಣು ಕೆಟ್ಟರೆ ಆಗುವ ನಷ್ಟ ಹಲವು ವರ್ಷಗಳದು. ಕಜ್ಜಿಯ ಸೂಕ್ಷ್ಮಜೀವಿಗಳೂ, ಬೇರುಗಳಲ್ಲಿ ಗಂಟು ಕಟ್ಟಿಸುವ ಜಂತುಹುಳುಗಳೂ ನೆಲದಲ್ಲಿ ಬೇರೂರಿದರೆ ಸುಲಭವಾಗಿ ತೊಲಗುವುದಿಲ್ಲ. ಹೊಲವಿದ್ದವರು ಬೇರೆ ತಾಕಿಗೆ ಹೋಗಬಹುದು. ಹಿತ್ತಿಲಿನವರು ಎಲ್ಲಿಗೆ ಹೋಗಬೇಕು? ಗಜ್ಜರಿ ಬೆಳೆದ ಮಡಿಯಲ್ಲಿ ಒಡನೆಯೇ ಗಜ್ಜರಿಯನ್ನು ಬಿತ್ತಬಾರದು. ಟೊಮೇಟೊ, ಬದನೆ, ಬೆಂಡೆಗಳೂ ಜಂತುಹುಳುವಿಗೆ ಆಶ್ರಯವಾದುದರಿಂದ ಅವುಗಳನ್ನೂ ಬಿಟ್ಟು, ನಡುವೆ ಒಂದು ಬೆಳೆ ಚೆಂಡುಹೂವನ್ನು ಹಾಕುವುದು, ಮಣ್ಣಿಗೆ ಬೇವಿನ ಹಿಂಡಿಯನ್ನು ಸೇರಿಸುವುದು ಸುಲಭವಾದ ಉಪಾಯಗಳು. ರೋಗದ ಗೆಡ್ಡೆಗಳನ್ನು ತಿಪ್ಪೆಗೆ ಎಸೆಯುವುದಂತೂ ರೋಗವನ್ನು ಮುಂದಿನ ವರ್ಷಕ್ಕೆ ಕೂಡಿಟ್ಟಂತೆಯೇ ಸರಿ.

ಕೊನೆಯದಾಗಿ, ಕಲೆಗೂ ಕೇಡಿಗೂ ಇರುವ ಭೇದವನ್ನು ಗೃಹಿಣಿಯರು ತಿಳಿದಿರಬೇಕು. ಕವಲೊಡೆದ ಗಜ್ಜರಿಗೆ ರುಚಿ ಕಡಿಮೆಯಾಗುವುದಿಲ್ಲ. ಕಜ್ಜಿ ಹಿಡಿದ ಆಲೂಗೆಡ್ಡೆಯನ್ನು ಸಿಪ್ಪೆ ಹೆರೆದು ಬಳಸಬಹುದು. ಆದರೆ ಬಿಸಿಲು ತಗುಲಿ ಹಸಿರಾದ ಆಲೂಗೆಡ್ಡೆಯಲ್ಲಿ ಸೊಲನೀನ್ ಎಂಬ ವಿಷ ಕೂಡುವುದರಿಂದ ಅದು ಅಡಿಗೆಗೆ ತಕ್ಕದ್ದಲ್ಲ. ಬೇಯಿಸಿದರೂ ಆ ವಿಷ ಹೋಗುವುದಿಲ್ಲ. ಬುಡಕ್ಕೆ ಮಣ್ಣೇರಿಸಿ, ಅಗೆದ ಗೆಡ್ಡೆಗಳನ್ನು ಕತ್ತಲೆಯಲ್ಲಿಟ್ಟರೆ ಈ ಕೇಡಿಲ್ಲ.

ಇವುಗಳಲ್ಲಿ ಹೆಚ್ಚಿನವು ಹಣದಿಂದಾಗುವ ಕೆಲಸಗಳಲ್ಲ, ಮುಂದಾಲೋಚನೆಯಿಂದಾಗುವ ಕೆಲಸಗಳು. ಮುಂದಿನ ಬಿತ್ತನೆಗೆ ಮೊದಲು ನಮ್ಮ ವಾಚಕರು ಮಡಿಯ ಮಣ್ಣನ್ನೂ ಕೈಯಲ್ಲಿನ ಬೀಜವನ್ನೂ ಒಮ್ಮೆ ಪರಾಂಬರಿಸಿ ನೋಡುವರೆಂದು ನಂಬುತ್ತೇವೆ.