ನಮ್ಮ ಪಟ್ಟಣಗಳು ಬೆಂಗಳೂರಿನ ಹಿತ್ತಲೇ?

2025ನೆಯ ಇಸವಿಯ ಜುಲೈ 2ರಂದು ನಂದಿಬೆಟ್ಟದ ಮೇಲೆ ಕೂಡಿದ ರಾಜ್ಯದ ಸಚಿವಸಂಪುಟವು ಬೆಂಗಳೂರು ಗ್ರಾಮಾಂತರ ಜಿಲ್ಲೆಯನ್ನು ಇನ್ನು ಮೇಲೆ ಬೆಂಗಳೂರು ಉತ್ತರ ಜಿಲ್ಲೆಯೆಂದು ಕರೆಯತಕ್ಕದ್ದೆಂದು ತೀರ್ಮಾನಿಸಿತು. ದೊಡ್ಡಬಳ್ಳಾಪುರ, ದೇವನಹಳ್ಳಿ, ಹೊಸಕೋಟೆ, ನೆಲಮಂಗಲ ಈ ನಾಲ್ಕು ತಾಲ್ಲೂಕುಗಳ ಜನರು ಇದರಿಂದ ಹಿಗ್ಗಬೇಕೆಂದು ಹೇಳುವವರಿದ್ದಾರೆ, ಹಿಗ್ಗಿದವರೂ ಉಂಟು. ಬೆಂಗಳೂರೆಂಬ ಹೆಸರು ಅಂಟಿಕೊಂಡರೆ ನೆಲಕ್ಕೆ ಬೆಲೆ ಬರುವುದೆಂಬುದೇ ಅವರ ವಾದದ ತಿರುಳು. ಮಾನ್ಯ ವಾಚಕರು ಕ್ಷಣಕಾಲ ನಿಂತು ಯೋಚಿಸಬೇಕೆಂದು ನಾವು ಪ್ರಾರ್ಥಿಸುತ್ತೇವೆ. ಬೆಲೆ ಬರುವುದು ನಿಜ, ಆದರೆ ಯಾರಿಗೆ? ಮಾರಿದವನಿಗೆ ಬೆಲೆ ಒಂದೇ ಸಲ ಬರುತ್ತದೆ, ಕೊಂಡವನಿಗೆ ವರ್ಷ ವರ್ಷಕ್ಕೂ ಬರುತ್ತದೆ. ಮಾರದೆ ಉತ್ತು ಬಿತ್ತಿ ಬದುಕುವೆನೆಂಬವನಿಗೆ ಈ ಬೆಲೆಯಿಂದ ದೊರಕುವುದು ದಲ್ಲಾಳಿಯ ಕಾಟವಲ್ಲದೆ ಮತ್ತೇನೂ ಅಲ್ಲ.

ಈ ಜಿಲ್ಲೆಯ ಹೆಸರಿನ ಕಥೆಯೇ ವಿಚಿತ್ರವಾದುದು. 1986ರಲ್ಲಿ ಬೆಂಗಳೂರು ಜಿಲ್ಲೆಯನ್ನು ಎರಡಾಗಿ ಒಡೆದಾಗ ನಗರದ ಪಾಲು ನಗರಕ್ಕೆ ಹೋಯಿತು. ಉಳಿದುದಕ್ಕೆ ಗ್ರಾಮಾಂತರವೆಂದು ಹೆಸರಾಯಿತು. ಎಂದರೆ, ಹೊಸ ಜಿಲ್ಲೆಗೆ ಸ್ವಂತವಾದ ಹೆಸರೇ ಇರಲಿಲ್ಲ. ಮಿಕ್ಕದ್ದು ಎಂಬುದೇ ಅದರ ಹೆಸರು. 2007ರಲ್ಲಿ ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳು ಬೇರೆ ಜಿಲ್ಲೆಯಾಗಿ ಹೊರಟುಹೋದ ಮೇಲೆ ಈ ಮಿಕ್ಕದ್ದರಲ್ಲಿಯೂ ಮಿಕ್ಕದ್ದು ಮಾತ್ರ ಉಳಿಯಿತು. ಜಿಲ್ಲೆ ಇಲ್ಲಿ, ಜಿಲ್ಲಾಧಿಕಾರಿಗಳ ಕಚೇರಿ ಬೆಂಗಳೂರು ನಗರದಲ್ಲಿ! 2018ರವರೆಗೆ, ಮೂರು ದಶಕಗಳಿಗೂ ಮಿಗಿಲಾಗಿ, ದೊಡ್ಡಬಳ್ಳಾಪುರದ ರೈತನು ತನ್ನ ಜಿಲ್ಲೆಯ ಅಧಿಕಾರಿಯನ್ನು ಕಾಣಲು ಜಿಲ್ಲೆಯ ಗಡಿಯನ್ನೇ ದಾಟಿ ಹೋಗಬೇಕಾಗಿತ್ತು. ತನ್ನ ಮನೆಯ ಯಜಮಾನನನ್ನು ನೆರೆಮನೆಗೆ ಹೋಗಿ ಕಾಣಬೇಕಾದ ಸಂಸಾರವನ್ನು ವಾಚಕರು ಎಲ್ಲಿಯಾದರೂ ಕಂಡಿರುವರೇ?

ಏಕೀಕರಣದ ಪಾಠವನ್ನು ಕಲಿತ ಕನ್ನಡಿಗರಿಗೆ ಈ ರೋಗವು ಹೊಸದಲ್ಲ. ಧಾರವಾಡ, ಬೆಳಗಾವಿಗಳು ಮುಂಬಯಿಯ ಅಂಚಾಗಿಯೂ, ಬಳ್ಳಾರಿ, ಮಂಗಳೂರುಗಳು ಮದರಾಸಿನ ಅಂಚಾಗಿಯೂ, ಕಲಬುರ್ಗಿ, ರಾಯಚೂರು, ಬೀದರಗಳು ಹೈದರಾಬಾದಿನ ಅಂಚಾಗಿಯೂ ಇದ್ದ ಕಾಲದಲ್ಲಿ ಆಲೂರು ವೆಂಕಟರಾಯರೇ ಮೊದಲಾದ ಹಿರಿಯರು ಏನನ್ನು ಸಾರಿದರು? ಅಂಚಿನಲ್ಲಿ ಬಿದ್ದ ನಾಡಿಗೆ ತನ್ನದೆಂಬ ನಡುವಿಲ್ಲ, ನಡುವಿಲ್ಲದ ನಾಡಿಗೆ ಏಳಿಗೆಯಿಲ್ಲ ಎಂಬುದನ್ನೇ ಅಲ್ಲವೇ? 1956ರ ನವೆಂಬರ್ 1ರಂದು ನಾಡು ಒಂದಾಯಿತು. ಆ ಮೇಲೆಯೂ ಒಂದು ಭಾಗದ ಹೆಸರು ಇಡೀ ನಾಡಿನ ಮೇಲೆ ಕೂತಿರಬಾರದೆಂದು ಹೋರಾಡಿ, 1973ರಲ್ಲಿ ಮೈಸೂರು ರಾಜ್ಯಕ್ಕೆ ಕರ್ನಾಟಕವೆಂಬ ಹೆಸರನ್ನು ಪಡೆದೆವು. ಅಂದು ಮೈಸೂರಿನಂಥ ಘನವಾದ ಹೆಸರನ್ನೂ ವಿನಯದಿಂದ ಬದಿಗಿಟ್ಟ ಜನರು, ಇಂದು ಬೆಂಗಳೂರಿನ ಹೆಸರನ್ನು ಹೊಸಕೋಟೆಯ ಮೇಲೆಯೂ ನೆಲಮಂಗಲದ ಮೇಲೆಯೂ ಹೊದಿಸುವುದು ಯಾವ ನ್ಯಾಯ? ಅಲ್ಲಿ ಭಾಷೆಯ ಪ್ರಶ್ನೆಯಿತ್ತು, ಇಲ್ಲಿ ಎರಡು ಕಡೆಯೂ ಕನ್ನಡವೇ ಎಂದು ಯಾರಾದರೂ ಹೇಳಬಹುದು. ಒಪ್ಪಿದೆವು. ಆದರೆ ಪರರು ನಮ್ಮನ್ನು ಅಂಚಿಗೆ ತಳ್ಳಿದಾಗ ಅನ್ಯಾಯವಾಗಿದ್ದುದು, ನಮ್ಮವರೇ ತಳ್ಳಿದಾಗ ನ್ಯಾಯವಾಗಲಾರದು.

ಇತಿಹಾಸವನ್ನು ನೋಡಿದರೆ ಸಂಬಂಧವು ತಿರುಗುಮುರುಗಾಗಿದೆ. ಬೆಂಗಳೂರನ್ನು 1537ರಲ್ಲಿ ಕಟ್ಟಿದ ಕೆಂಪೇಗೌಡರ ಮನೆತನವು ದೇವನಹಳ್ಳಿ ತಾಲ್ಲೂಕಿನ ಆವತಿಯಿಂದ ಹೊರಟುದೆಂದು ಪರಂಪರೆಯು ಹೇಳುತ್ತದೆ. ಹೀಗಿರಲು, ಮಗುವಿನ ಹೆಸರಿನಿಂದ ತಾಯಿಯನ್ನು ಗುರುತಿಸುವ ಕಾಲ ಬಂದಂತಾಯಿತು. ಇರಲಿ; ಆ ಪ್ರಭುವು ಊರು ಕಟ್ಟಿದ ಬಗೆಯನ್ನಾದರೂ ಇಂದಿನ ಯೋಜಕರು ಅರಿತಿದ್ದರೆ ಸಾಕಾಗಿತ್ತು. ಚಿಕ್ಕಪೇಟೆ, ಅಕ್ಕಿಪೇಟೆ, ಬಳೇಪೇಟೆಗಳೆಂದು ಒಂದೊಂದು ಕಸುಬಿಗೂ ವ್ಯಾಪಾರಕ್ಕೂ ಒಂದೊಂದು ನೆಲೆ. ಊರಿನ ಬಾಯಾರಿಕೆಗೆ ಕೆರೆಗಳು. ಮೊದಲು ಕೆರೆ ಮತ್ತು ಪೇಟೆ, ಅನಂತರ ಮನೆ. ಈಗಿನವರದು ಮೊದಲು ಬಡಾವಣೆ, ಅನಂತರ ಟ್ಯಾಂಕರು. ಪೇಟೆಯಂತೂ ಎಂದಿಗೂ ಇಲ್ಲ.

ನಾವು ಬೆಳವಣಿಗೆಯ ವಿರೋಧಿಗಳೆಂದು ಯಾರೂ ತಿಳಿಯಬಾರದು. 2008ರ ಮೇ ತಿಂಗಳಿನಲ್ಲಿ ದೇವನಹಳ್ಳಿಯ ಬಳಿ ವಿಮಾನನಿಲ್ದಾಣವು ತೆರೆಯಿತು. 2022ರಲ್ಲಿ ಅದಕ್ಕೆ ಎರಡನೆಯ ಟರ್ಮಿನಲ್ಲೂ, ಎದುರಿಗೆ 108 ಅಡಿಯ ಕೆಂಪೇಗೌಡರ ಪ್ರತಿಮೆಯೂ ಬಂದುವು. ಡಾಬಸ್‌ಪೇಟೆಯಿಂದ ದೊಡ್ಡಬಳ್ಳಾಪುರ, ದೇವನಹಳ್ಳಿಗಳ ಮಾರ್ಗವಾಗಿ ಹೊಸಕೋಟೆಗೆ ಉಪನಗರ ವರ್ತುಲ ರಸ್ತೆಯು 2024ರಲ್ಲಿ ತೆರೆಯಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ದೊಡ್ಡಬಳ್ಳಾಪುರಕ್ಕೂ ಡಾಬಸ್‌ಪೇಟೆಗೂ ನಡುವೆ 5,800 ಎಕರೆಗಳ ಕ್ವಿನ್ ಸಿಟಿಯೆಂಬ ಹೊಸ ನಗರವನ್ನು ಸಾರಿದರು. ಇವುಗಳಲ್ಲಿ ಪ್ರತಿಯೊಂದರಿಂದಲೂ ಯಾರಿಗೋ ಅನ್ನ ಹುಟ್ಟೀತು; ಅದನ್ನು ನಾವು ಅಲ್ಲಗಳೆಯುವುದಿಲ್ಲ. ನಮ್ಮ ದೂರಿರುವುದು ಇಷ್ಟೆ: ಇವೆಲ್ಲವೂ ನಮ್ಮ ಊರುಗಳ ಪಕ್ಕದಲ್ಲಿ ಬಂದುವು, ನಮ್ಮ ಊರುಗಳೊಳಕ್ಕೆ ಬರಲಿಲ್ಲ. ಹೆದ್ದಾರಿಯು ಪಟ್ಟಣವನ್ನು ಬಳಸಿಕೊಂಡು ಹೋಗುವಂತೆ ಐಶ್ವರ್ಯವೂ ಪಟ್ಟಣವನ್ನು ಬಳಸಿಕೊಂಡೇ ಹೋಯಿತು.

ದೊಡ್ಡಬಳ್ಳಾಪುರದ ಹಳೆಯ ಪೇಟೆಯನ್ನೊಮ್ಮೆ ಹೊಕ್ಕು ನೋಡಿರಿ. ಮನೆಯ ಮುಂಭಾಗದಲ್ಲಿ ಮಗ್ಗ, ಹಿಂಭಾಗದಲ್ಲಿ ಒಲೆ. ಹಗಲಿರುಳು ಲಾಳಿಯ ಸದ್ದು. ಈ ಊರು ನೇಯ್ದ ಸೀರೆಯನ್ನು ಉಡದ ಕನ್ನಡ ಮನೆಗಳು ಕಡಿಮೆ. ಇಂದು ಸೂರತ್ತಿನ ಅಗ್ಗದ ಸೀರೆಯ ಪೈಪೋಟಿಯೂ, ನೂಲಿನ ಬೆಲೆಯೂ ಸೇರಿ ನೇಕಾರನ ಕೊರಳನ್ನು ಬಿಗಿಯುತ್ತಿವೆ. ಊರ ಹೊರಗೆ ಸಿದ್ಧ ಉಡುಪಿನ ಪಾರ್ಕೂ ಬಾಶೆಟ್ಟಿಹಳ್ಳಿಯ ಕೈಗಾರಿಕಾ ಪ್ರದೇಶವೂ ಎದ್ದಿರುವಾಗ, ಊರ ಒಳಗಿನ ಆ ಓಣಿಗಳಿಗೆ ನೆಟ್ಟನೆಯ ಚರಂಡಿ, ಬಣ್ಣದ ನೀರಿನ ಶುದ್ಧೀಕರಣ, ನೇಕಾರರಿಗೆ ಸೀರೆ ಮಾರುವ ಒಳ್ಳೆಯ ಕಟ್ಟೆ, ಹೆಂಗಸರು ಮಕ್ಕಳು ನಿರ್ಭಯವಾಗಿ ನಡೆಯುವ ಕಾಲುದಾರಿ, ಇವುಗಳನ್ನು ಕೇಳಿದರೆ ಹಣವಿಲ್ಲವೆಂಬ ಉತ್ತರವು ಏಕೆ? ಪೇಟೆಯ ಅಭಿವೃದ್ಧಿಯೆಂದರೆ ಅಂಗಡಿಯ ಮುಂಗಟ್ಟನ್ನು ಕೆಡವಿ ರಸ್ತೆಯನ್ನು ಅಗಲಮಾಡುವುದೆಂದಷ್ಟೇ ತಿಳಿದವರಿಗೆ ಪೇಟೆಯೆಂಬುದರ ಅರ್ಥವೇ ತಿಳಿದಿಲ್ಲ. ಬಂಡಿ ಹೋಗುವುದಕ್ಕಾಗಿ ಪೇಟೆಯಿಲ್ಲ. ಜನರು ಬರುವುದಕ್ಕಾಗಿ ಪೇಟೆಯಿದೆ.

ಜಿಲ್ಲಾ ಕೇಂದ್ರದ ಸಂಗತಿಯನ್ನೇ ನೋಡೋಣ. ಕೇಂದ್ರವು ದೇವನಹಳ್ಳಿಗೆ ಸಲ್ಲಬೇಕೋ ದೊಡ್ಡಬಳ್ಳಾಪುರಕ್ಕೆ ಸಲ್ಲಬೇಕೋ ಎಂದು ಎರಡು ಊರುಗಳೂ ವಾದಿಸಿದುವು. ಫಲವೇನಾಯಿತು? ಎರಡಕ್ಕೂ ಸಲ್ಲದಂತೆ, ಎರಡೂ ಊರುಗಳ ನಡುವಣ ಬೀರಸಂದ್ರದ ಬಯಲಿನಲ್ಲಿ 2018ರಲ್ಲಿ ಕಚೇರಿಗಳ ಸಂಕೀರ್ಣವು ತೆರೆಯಿತು. ನಗರದಿಂದ ಜಿಲ್ಲೆಯೊಳಕ್ಕೆ ಅಧಿಕಾರವು ಬಂದುದು ಸ್ವಾಗತಾರ್ಹವೇ ಸರಿ. ಆದರೆ ಹಳೆಯ ಪಟ್ಟಣವೊಂದರ ನಡುವೆ ಆ ಕಚೇರಿಗಳು ಬಂದಿದ್ದರೆ, ಅವುಗಳ ಸುತ್ತ ವಕೀಲನೂ ಬರಹಗಾರನೂ ಹೋಟೆಲಿನವನೂ ಪುಸ್ತಕದ ಅಂಗಡಿಯವನೂ ನೆಲೆಯೂರಿ ಊರಿನ ಎದೆಯೇ ಬಲಗೊಳ್ಳುತ್ತಿತ್ತು. ಇಬ್ಬರ ಜಗಳದಲ್ಲಿ ಇಬ್ಬರೂ ಸೋತರು. ಬೆಕ್ಕುಗಳ ರೊಟ್ಟಿಯನ್ನು ಕೋತಿಯು ಹಂಚಿದ ಕಥೆಯನ್ನು ನಮ್ಮ ಜನರು ಮರೆತಂತೆ ತೋರುತ್ತದೆ.

ಇನ್ನು ಕಾಯಿದೆಯ ಮಾತು. 1993ರಲ್ಲಿ ಜಾರಿಗೆ ಬಂದ ಸಂವಿಧಾನದ 74ನೆಯ ತಿದ್ದುಪಡಿಯು ಪೌರಸಂಸ್ಥೆಗಳಿಗೆ ವಹಿಸಬಹುದಾದ ಕಾರ್ಯಗಳನ್ನು 12ನೆಯ ಅನುಸೂಚಿಯಲ್ಲಿ ಪಟ್ಟಿಮಾಡಿದೆ. ಆ ಪಟ್ಟಿಯ ಮೊದಲನೆಯ ಬಾಬೇ ನಗರಯೋಜನೆ. 243 ಝಡ್‌ಡಿ ವಿಧಿಯು ಪ್ರತಿ ಜಿಲ್ಲೆಗೂ ಯೋಜನಾ ಸಮಿತಿಯಿರಬೇಕೆಂದೂ, ಅದರ ಸದಸ್ಯರಲ್ಲಿ ಐದರಲ್ಲಿ ನಾಲ್ಕು ಪಾಲಿಗೆ ಕಡಿಮೆಯಿಲ್ಲದಷ್ಟು ಜನರು ಪಂಚಾಯತಿ ಮತ್ತು ಪೌರಸಭೆಗಳ ಚುನಾಯಿತರೊಳಗಿಂದಲೇ ಆರಿಸಲ್ಪಡಬೇಕೆಂದೂ ಹೇಳುತ್ತದೆ. ಅಕ್ಷರವು ಹೀಗಿದೆ, ಆಚರಣೆಯು ಹೇಗಿದೆ? ವಿಮಾನನಿಲ್ದಾಣ ಪ್ರದೇಶಕ್ಕೊಂದು ಪ್ರಾಧಿಕಾರ, ನೆಲಮಂಗಲಕ್ಕೊಂದು, ಹೊಸಕೋಟೆಗೊಂದು, ಇವೆಲ್ಲದರ ಮೇಲೆ ಮಹಾನಗರ ಪ್ರದೇಶದ್ದೊಂದು. ಊರಿನ ನಕ್ಷೆಯನ್ನು ಬರೆಯುವವರನ್ನು ನೇಮಿಸುವವರು ಬೆಂಗಳೂರಿನಲ್ಲಿದ್ದಾರೆ. ಆ ನಕ್ಷೆಯೊಳಗೆ ಬದುಕಬೇಕಾದವರು ಮತ ಹಾಕಿ ಆರಿಸಿದ ನಗರಸಭೆಗೆ ಉಳಿಯುವುದು ಕಸ ಎತ್ತುವ ಕೆಲಸ, ಬೀದಿದೀಪ ಹಚ್ಚುವ ಕೆಲಸ. ಇದು ಸ್ವರಾಜ್ಯವೇ?

ಭೂಸ್ವಾಧೀನದಲ್ಲಿಯೂ ಇದೇ ರೀತಿ. 2013ರ ಕೇಂದ್ರದ ಕಾಯಿದೆಯು ಖಾಸಗಿ ಕಂಪೆನಿಗಾಗಿ ನೆಲವನ್ನು ಕೊಳ್ಳುವಾಗ ಶೇಕಡಾ 80ರಷ್ಟು ನೆಲದೊಡೆಯರ ಒಪ್ಪಿಗೆಯನ್ನು ಬೇಡುತ್ತದೆ. 1966ರ ನಮ್ಮ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯಿದೆಯಲ್ಲಿ ಅಂತಹ ಒಪ್ಪಿಗೆಯ ವಿಧಿಯಿಲ್ಲ. ಈ ಹಳೆಯ ಕತ್ತಿಯನ್ನು ಹಿರಿದೇ ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯ 13 ಹಳ್ಳಿಗಳ 1,777 ಎಕರೆಗಳಿಗೆ ಕೈಹಾಕಿದರು. 2022ರ ಏಪ್ರಿಲ್ 4ರಂದು ಧರಣಿ ಕುಳಿತ ರೈತರು 2025ರ ಜುಲೈ 15ರವರೆಗೆ, 1,198 ದಿವಸಗಳ ಕಾಲ ಕುಳಿತೇ ಇದ್ದರು. ಕೊನೆಗೆ ಮುಖ್ಯಮಂತ್ರಿಗಳು ಸ್ವಾಧೀನವನ್ನು ಕೈಬಿಟ್ಟುದಾಗಿ ಸಾರಬೇಕಾಯಿತು. ತಮ್ಮ ಹೊಲವು ತಮ್ಮದೆಂದು ಹೇಳಲು ಸ್ವತಂತ್ರ ದೇಶದ ಪ್ರಜೆಗಳಿಗೆ ಮೂರು ವರ್ಷಗಳಿಗೂ ಮೇಲ್ಪಟ್ಟು ಬಿಸಿಲು ಮಳೆಗಳಲ್ಲಿ ಕೂರಬೇಕಾಯಿತು! ಆ ರೈತರಿಗೆ ನಮ್ಮ ನಮಸ್ಕಾರ. ಆದರೆ ಕತ್ತಿಯು ಒರೆಗೆ ಹೋಯಿತೇ ಹೊರತು ಮುರಿದುಹೋಗಲಿಲ್ಲ ಎಂಬುದನ್ನು ಅವರೂ ನಾವೂ ಮರೆಯತಕ್ಕದ್ದಲ್ಲ.

ನೀರಿನ ಲೆಕ್ಕವನ್ನು ತೆಗೆದರೆ ಸಾಲಗಾರರು ಯಾರೆಂಬುದು ಸ್ಪಷ್ಟವಾಗುವುದು. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕೆರೆಗಳನ್ನು ತುಂಬಿ ಹರಿಯುವ ಅರ್ಕಾವತಿಯ ನೀರನ್ನು ಬೆಂಗಳೂರು 1890ರ ದಶಕದಿಂದ ಹೆಸರಘಟ್ಟದಲ್ಲಿ ಕುಡಿಯಿತು. ನೆಲಮಂಗಲದ ಕಡೆಯಿಂದ ಬರುವ ಕುಮುದ್ವತಿಯನ್ನೂ ಸೇರಿಸಿಕೊಂಡು 1933ರಿಂದ ತಿಪ್ಪಗೊಂಡನಹಳ್ಳಿಯಲ್ಲಿ ಕುಡಿಯಿತು. ಕುಡಿದು ಮುಗಿಸಿ ಕಾವೇರಿಯ ಕಡೆಗೆ ಕೈಚಾಚಿತು. ನಮಗೆ ಮರಳಿ ಬಂದುದೇನು? ದೊಡ್ಡತುಮಕೂರು, ಮಜರಾಹೊಸಹಳ್ಳಿ ಕೆರೆಗಳಿಗೆ ಹರಿದ ಕಾರ್ಖಾನೆಯ ಮತ್ತು ಪಟ್ಟಣದ ಕೊಚ್ಚೆ. ತಮ್ಮ ಕೆರೆಯ ನೀರನ್ನು ದನಕ್ಕೂ ಕುಡಿಸಲಾರೆವೆಂದು ಆ ಊರಿನವರು ಬೀದಿಗಿಳಿದು ಕೂಗಬೇಕಾಯಿತು. ಇಲ್ಲಿ ನಾವು ನಮ್ಮ ತಪ್ಪನ್ನೂ ಒಪ್ಪಿಕೊಳ್ಳಬೇಕು: ಆ ಕೊಚ್ಚೆಯಲ್ಲಿ ನಮ್ಮ ಪಟ್ಟಣದ ಪಾಲೂ ಇದೆ. ಬೆಂಗಳೂರು ನಮಗೆ ಮಾಡಿದುದನ್ನು ನಾವು ನಮ್ಮ ಹಳ್ಳಿಗಳಿಗೆ ಮಾಡಿದರೆ ನಮ್ಮ ದೂರಿಗೆ ಬೆಲೆಯೆಲ್ಲಿ?

ಬೆಂಗಳೂರೇ ಆಗಿಬಿಟ್ಟರೆ ಕಾವೇರಿಯೂ ಬರುವುದು, ಸಕಲ ಸೌಕರ್ಯವೂ ಬರುವುದು ಎಂದು ಕೆಲವರು ಹೇಳುವರು. ಅವರಿಗೆ ನಾವು ತೋರಿಸುವ ಸಾಕ್ಷಿಯು ಒಂದೇ. 2007ರಲ್ಲಿ ಮಹಾನಗರ ಪಾಲಿಕೆಯನ್ನು ಹಿಗ್ಗಿಸಿದಾಗ ಸುತ್ತಣ 110 ಹಳ್ಳಿಗಳು ಅದರೊಳಗೆ ಸೇರಿದುವು. ಆ ಹಳ್ಳಿಗಳಿಗೆಂದು ಹೂಡಿದ ಕಾವೇರಿ ಐದನೆಯ ಹಂತವು ಉದ್ಘಾಟನೆಯಾದುದು 2024ರ ಅಕ್ಟೋಬರಿನಲ್ಲಿ. ಹೆಸರು ಒಂದು ದಿನದಲ್ಲಿ ಬಂದಿತು. ನೀರಿಗೆ 17 ವರ್ಷ ಹಿಡಿಯಿತು. ಆ ಮಧ್ಯೆ ಹುಟ್ಟಿದ ಮಗುವು ಕಾಲೇಜಿಗೆ ಹೋಗುವಷ್ಟು ಬೆಳೆದಿತ್ತು.

ಕನ್ನಡದ ಮಾತನ್ನು ಬೇರೆಯಾಗಿ ಹೇಳಬೇಕಾಗಿಲ್ಲ. ಅದು ಇದರೊಳಗೇ ಅಡಗಿದೆ. ತನ್ನದೇ ಆದ ಪೇಟೆಯಿದ್ದ ಕಡೆ ಭಾಷೆಯು ತಾನಾಗಿ ಬಾಳುತ್ತದೆ. ಪೇಟೆಯಿಲ್ಲದ ಬಡಾವಣೆಯಲ್ಲಿ ಅದನ್ನು ಕಾಯಿದೆಯಿಂದ ಬದುಕಿಸಬೇಕಾಗುತ್ತದೆ. 2023ರ ಡಿಸೆಂಬರಿನಲ್ಲಿ ನಾಮಫಲಕಗಳಿಗಾಗಿ ಚಳವಳಿಯಾಯಿತು. 2024ರಲ್ಲಿ ಫಲಕದ ಶೇಕಡಾ 60 ಭಾಗವು ಕನ್ನಡವಾಗಿರಬೇಕೆಂದು ಕಾಯಿದೆಯಾಯಿತು. ಒಳ್ಳೆಯದೇ. ಆದರೆ ಅದೇ ವರ್ಷದ ಜುಲೈನಲ್ಲಿ ಸ್ಥಳೀಯರಿಗೆ ಖಾಸಗಿ ಉದ್ಯೋಗದಲ್ಲಿ ಮೀಸಲು ಕೊಡುವ ಮಸೂದೆಯನ್ನು ಸಂಪುಟವು ಒಪ್ಪಿ, ಉದ್ಯಮಿಗಳು ಹುಬ್ಬುಗಂಟಿಕ್ಕಿದೊಡನೆ ಅದನ್ನು ತಡೆಹಿಡಿಯಿತು. ಫಲಕದ ಮೇಲೆ ಕನ್ನಡ, ಫಲಕದ ಒಳಗೆ ಕನ್ನಡಿಗನಿಲ್ಲ! ಹೊರಗಿನಿಂದ ದುಡಿಯಲು ಬಂದವರ ಮೇಲೆ ನಮಗೆ ಲವಲೇಶವೂ ದ್ವೇಷವಿಲ್ಲ, ಅವರೂ ಹೊಟ್ಟೆಪಾಡಿನವರೇ. ನೆಲವನ್ನು ಕೊಟ್ಟವನ ಮಗನು ಅದೇ ನೆಲದ ಬಾಗಿಲಿನಲ್ಲಿ ಕಾವಲುಗಾರನಾಗಿ ಮಾತ್ರ ನಿಲ್ಲಬಾರದೆಂಬುದೇ ನಮ್ಮ ಬೇಡಿಕೆ.

ಆದುದರಿಂದ ನಾವು ಕೇಳುವುದು ನಾಲ್ಕೇ ಮಾತು. ಮೊದಲನೆಯದು, ಜಿಲ್ಲೆಗೆ ಅದರ ನೆಲದಲ್ಲಿ ಹುಟ್ಟಿದ ಹೆಸರೊಂದನ್ನು ಅಲ್ಲಿನ ಜನರನ್ನು ಕೇಳಿ ಇಡತಕ್ಕದ್ದು. ಎರಡನೆಯದು, ಊರಿನ ನಕ್ಷೆಯನ್ನು ಚುನಾಯಿತ ನಗರಸಭೆಯೂ ಜಿಲ್ಲಾ ಯೋಜನಾ ಸಮಿತಿಯೂ ಬರೆಯತಕ್ಕದ್ದು. ಪ್ರಾಧಿಕಾರಗಳು ಅವುಗಳ ಗುಮಾಸ್ತರಾಗಿರಲಿ, ಯಜಮಾನರಾಗಬಾರದು. ಮೂರನೆಯದು, ಹೊಸ ನಗರಗಳಿಗೆ ಸುರಿಯುವ ಹಣಕ್ಕೆ ಮುಂಚೆ ಹಳೆಯ ನಾಲ್ಕು ಪೇಟೆಗಳ ಚರಂಡಿ, ಮಾರುಕಟ್ಟೆ, ಮಗ್ಗದ ಮನೆಗಳು ಮತ್ತು ಕೆರೆಗಳು ಸರಿಯಾಗತಕ್ಕದ್ದು. ನಾಲ್ಕನೆಯದು, ಒಡೆಯನ ಒಪ್ಪಿಗೆಯಿಲ್ಲದೆ ಒಂದು ಗುಂಟೆ ಹೊಲವನ್ನೂ ಕಂಪೆನಿಗಾಗಿ ಕಿತ್ತುಕೊಳ್ಳದಂತೆ 1966ರ ಕಾಯಿದೆಯನ್ನು ತಿದ್ದತಕ್ಕದ್ದು.

ಹಿತ್ತಲ ಗಿಡ ಮದ್ದಲ್ಲವೆಂದು ಗಾದೆಯುಂಟು. ನಮ್ಮನ್ನು ಹಿತ್ತಲೆಂದು ಎಣಿಸಿದವರಿಗೆ ನಮ್ಮ ಗುಣವು ಕಾಣದಿರುವುದು ಆಶ್ಚರ್ಯವಲ್ಲ. ಆದರೆ 2011ರ ಜನಗಣತಿಯಂತೆಯೇ 9,90,923 ಜನರು ಬದುಕುತ್ತಿದ್ದ ನಾಡು ಯಾರ ಹಿತ್ತಲೂ ಅಲ್ಲ. ದೊಡ್ಡಬಳ್ಳಾಪುರದವರೂ ದೇವನಹಳ್ಳಿಯವರೂ ಹೊಸಕೋಟೆಯವರೂ ನೆಲಮಂಗಲದವರೂ ತಮ್ಮ ತಮ್ಮ ಜಗಳವನ್ನು ಬಿಟ್ಟು ಒಂದಾಗಿ ಕೇಳಲಿ. ಒಂದಾಗಿ ಕೇಳಿದ ಕನ್ನಡಿಗರಿಗೆ ನಾಡೇ ದೊರಕಿತು. ಒಂದಾಗಿ ಕೇಳಿದರೆ ನಾಲ್ಕು ಊರುಗಳು ದೊರಕಲಾರವೇ?