ರೊಟ್ಟಿಯ ಸಾಲಿನಿಂದ ಪಾಠ ಆರಂಭವಾಗಲಿ

"ರಷ್ಯದ ಕ್ರಾಂತಿಯ ಕಾರಣಗಳನ್ನೂ ಪರಿಣಾಮಗಳನ್ನೂ ವಿವರಿಸಿರಿ." ಪ್ರೌಢಶಾಲೆಯ ಮಕ್ಕಳಿಗೆ ಈ ಪ್ರಶ್ನೆ ಹಳೆಯದು, ಉತ್ತರವೂ ಅಷ್ಟೇ ಹಳೆಯದು. ಜಾರ್ ದೊರೆಯ ದುರಾಡಳಿತ, ರಾಸ್ಪುಟಿನ್ನನ ಪ್ರಭಾವ, ಮಹಾಯುದ್ಧದಲ್ಲಿ ಸೋಲು, ಲೆನಿನ್ನರ ಆಗಮನ, ಕ್ರಾಂತಿ. ಗಿರಣಿ ಕೆಲಸಗಾರನ ಮಗ ಈ ಐದು ಮಾತು ಬರೆದು ಐದು ಅಂಕ ಗಿಟ್ಟಿಸಿ ಮನೆಗೆ ಬರುತ್ತಾನೆ. ತಾನು ಬರೆದ ಉತ್ತರಕ್ಕೂ ರಾತ್ರಿ ಪಾಳಿ ಮುಗಿಸಿ ಮಲಗಿರುವ ತನ್ನ ತಂದೆಗೂ ಏನಾದರೂ ಸಂಬಂಧವಿದೆಯೆಂದು ಅವನಿಗೆ ಯಾರೂ ಹೇಳಿರುವುದಿಲ್ಲ.

ನಾವೂ ಕೆಲವು ಕಾಲ ಮೇಷ್ಟರ ಕೆಲಸ ಮಾಡಿದವರೇ. ವರ್ಷ ಮುಗಿಯುವುದರೊಳಗೆ ಪುಸ್ತಕ ಮುಗಿಸಬೇಕಾದ ಅವಸರ ನಮಗೆ ಗೊತ್ತು. ಆದ್ದರಿಂದ ಉಪಾಧ್ಯಾಯರನ್ನು ದೂರುವುದು ನಮ್ಮ ಉದ್ದೇಶವಲ್ಲ. ಆದರೆ ಈ ಪಾಠವನ್ನು ಎಲ್ಲಿಂದ ಆರಂಭಿಸಬೇಕು, ಎಲ್ಲಿಯವರೆಗೆ ಒಯ್ಯಬೇಕು ಎಂಬ ವಿಷಯದಲ್ಲಿ ನಮಗೊಂದು ಖಚಿತವಾದ ಅಭಿಪ್ರಾಯವಿದೆ. ಅರಮನೆಯಿಂದ ಬೇಡ, ರೊಟ್ಟಿ ಅಂಗಡಿಯ ಮುಂದೆ ನಿಂತ ಹೆಂಗಸರ ಸಾಲಿನಿಂದ ಆರಂಭಿಸಬೇಕು.

1917ರ ಮಾರ್ಚ್ 8. ರಷ್ಯದ ಹಳೆಯ ಪಂಚಾಂಗದಲ್ಲಿ ಅದು ಫೆಬ್ರವರಿ 23. ಎರಡಕ್ಕೂ ಹದಿಮೂರು ದಿನಗಳ ಅಂತರ. ಅಕ್ಟೋಬರ್ ಕ್ರಾಂತಿಯನ್ನು ನವೆಂಬರಿನಲ್ಲಿ ಏಕೆ ಆಚರಿಸುತ್ತಾರೆಂದು ತಲೆ ಕೆರೆದುಕೊಳ್ಳುವ ಹುಡುಗನಿಗೆ ಇಷ್ಟು ಹೇಳಿದರೆ ಸಾಕು. ಅಂದು ರಾಜಧಾನಿ ಪೆಟ್ರೋಗ್ರಾಡಿನ ವೀಬೋರ್ಗ್ ಬಡಾವಣೆಯಲ್ಲಿ ಬಟ್ಟೆ ಗಿರಣಿಗಳ ಹೆಣ್ಣಾಳುಗಳು ಮಗ್ಗ ನಿಲ್ಲಿಸಿ ಬೀದಿಗೆ ಬಂದರು. ಅದು ಮಹಿಳಾ ದಿನ. ಅಲ್ಲಿಯ ಪಕ್ಷದ ಮುಖಂಡರು ಮುಷ್ಕರಕ್ಕೆ ಇನ್ನೂ ಸಮಯವಾಗಿಲ್ಲ, ತಾಳಿರಿ ಎಂದು ಹಿಂದಿನ ದಿನವೇ ಬುದ್ಧಿ ಹೇಳಿದ್ದರು. ಹೆಂಗಸರು ಕೇಳಲಿಲ್ಲ. ನೆರೆಯ ಲೋಹದ ಕಾರ್ಖಾನೆಗಳ ಮುಂದೆ ನಿಂತು, ಕಿಟಕಿಗಳಿಗೆ ಹಿಮದ ಉಂಡೆ ಎಸೆದು, ಗಂಡಾಳುಗಳನ್ನು ಹೊರಗೆ ಕರೆದರು. ಪುಟಿಲೋವ್ ಕಾರ್ಖಾನೆಯ ಬಾಗಿಲನ್ನು ಮಾಲೀಕರು ಹಿಂದಿನ ದಿನವೇ ಮುಚ್ಚಿದ್ದರಿಂದ ಅಲ್ಲಿಯ ಸಾವಿರಾರು ಆಳುಗಳೂ ಬೀದಿಯಲ್ಲಿದ್ದರು. ಮೂರನೆಯ ದಿನಕ್ಕೆ ಮುಷ್ಕರ ಹೂಡಿದವರು ಎರಡು ಲಕ್ಷಕ್ಕೂ ಮಿಕ್ಕಿದ್ದರು. ಲೆನಿನ್ ಆಗ ಜ್ಯೂರಿಕ್‌ನಲ್ಲಿದ್ದರು, ಟ್ರಾಟ್‌ಸ್ಕಿ ನ್ಯೂಯಾರ್ಕಿನಲ್ಲಿದ್ದರು.

ರೊಟ್ಟಿ ಏಕೆ ಇರಲಿಲ್ಲ? ಪಾಠದ ತಿರುಳೇ ಇದು. ರಷ್ಯದಲ್ಲಿ ಧಾನ್ಯವೇ ಇರಲಿಲ್ಲವೆಂದಲ್ಲ. ಯುದ್ಧಕ್ಕೆ ಸುಮಾರು ಒಂದೂವರೆ ಕೋಟಿ ಜನರನ್ನು ಎಳೆದೊಯ್ದಿದ್ದರು. ರೈಲುಗಳು ಸೈನ್ಯಕ್ಕೆ ಮೀಸಲಾಗಿ, ಕೆಟ್ಟು ನಿಂತ ಎಂಜಿನ್ನುಗಳಿಗೆ ರಿಪೇರಿಯಿಲ್ಲದೆ, ದಕ್ಷಿಣದ ಧಾನ್ಯ ಉತ್ತರದ ಪಟ್ಟಣಕ್ಕೆ ಬರುವುದು ದುಸ್ತರವಾಯಿತು. ಇನ್ನೊಂದು ಕಡೆ, ಯುದ್ಧ ಆರಂಭವಾದೊಡನೆ 1914ರಲ್ಲಿ ಜಾರ್ ಸರ್ಕಾರ ಹೆಂಡದ ಮಾರಾಟ ನಿಲ್ಲಿಸಿತು. ಸರ್ಕಾರದ ವರಮಾನದಲ್ಲಿ ಸುಮಾರು ಕಾಲು ಭಾಗ ಹೆಂಡದಿಂದಲೇ ಬರುತ್ತಿತ್ತು! ಆ ಹಳ್ಳವನ್ನೂ ಯುದ್ಧದ ಖರ್ಚನ್ನೂ ತುಂಬಲು ನೋಟು ಅಚ್ಚು ಹಾಕಿದರು. ನೋಟು ಹೆಚ್ಚಿತು, ಬೆಲೆ ಏರಿತು. ಕಾರ್ಖಾನೆಗಳು ಗುಂಡು ಮದ್ದು ತಯಾರಿಸುತ್ತಿದ್ದವು. ರೈತನಿಗೆ ಬೇಕಾದ ನೇಗಿಲು, ಮೊಳೆ, ಬಟ್ಟೆ ಪೇಟೆಯಲ್ಲಿ ಸಿಗುತ್ತಿರಲಿಲ್ಲ. ಕೊಳ್ಳಲು ಏನೂ ಇಲ್ಲದ ಮೇಲೆ ರೈತ ತನ್ನ ಧಾನ್ಯವನ್ನು ಕಾಗದದ ಚೂರಿಗೆ ಏಕೆ ಮಾರಿಯಾನು? ಕಣಜದಲ್ಲಿಯೇ ಇಟ್ಟುಕೊಂಡ. ಈ ಲೆಕ್ಕ ನಮ್ಮ ಸಂತೆಯ ವ್ಯಾಪಾರಿಗೆ ಒಂದೇ ಸಲಕ್ಕೆ ತಿಳಿಯುತ್ತದೆ. ಒಂಬತ್ತನೆಯ ಇಯತ್ತೆಯ ಹುಡುಗನಿಗೂ ತಿಳಿಯುತ್ತದೆ, ಹೇಳಿದರೆ.

ಇದರಲ್ಲಿಯೇ ಇನ್ನೊಂದು ಮಾತಿದೆ. ನಮ್ಮ ಓದುಗರಲ್ಲಿ ಅಂಗಡಿಕಾರರೂ ಇರುವುದರಿಂದ ಅದನ್ನು ಬಿಡುವಂತಿಲ್ಲ. ಇನ್ನು ರೊಟ್ಟಿಗೆ ರೇಷನ್ ಬರುತ್ತದೆಂಬ ಸುದ್ದಿ ಹಬ್ಬಿ ಸಾಲುಗಳು ಉದ್ದವಾದಾಗ, ಜನ ಮೊದಲು ಒಡೆದದ್ದು ರೊಟ್ಟಿ ಮಾರುವವನ ಅಂಗಡಿಯನ್ನು. ಕೊರೆಯುವ ಚಳಿಯಲ್ಲಿ ತಾಸುಗಟ್ಟಲೆ ನಿಂತವರ ಕಣ್ಣಿಗೆ ಬಿದ್ದವನು ಅವನೊಬ್ಬನೇ. ಹಿಟ್ಟು ಬಂದಿಲ್ಲ, ಒಲೆಗೆ ಉರುವಲಿಲ್ಲ ಎಂದರೆ ನಂಬುವವರು ಯಾರು? ಬಚ್ಚಿಟ್ಟವರು ಇರಲಿಲ್ಲವೆಂದು ನಾವು ಹೇಳುವುದಿಲ್ಲ. ಆದರೆ ನೋಟು ಅಚ್ಚು ಹಾಕಿದವರು, ಯುದ್ಧದ ಗುತ್ತಿಗೆಯಲ್ಲಿ ದುಡ್ಡು ಮಾಡಿದವರು ಆ ಸಾಲಿನಿಂದ ಬಹಳ ದೂರದಲ್ಲಿದ್ದರು. ಬಡವನ ಸಿಟ್ಟು ಬಡ ಅಂಗಡಿಕಾರನ ಮೇಲೆ ಹೇಗೆ ತಿರುಗುತ್ತದೆಂಬುದನ್ನು ಈ ಒಂದು ಘಟನೆಯಿಂದ ಮಕ್ಕಳಿಗೆ ಕಲಿಸಬಹುದು.

ಮುಂದಿನದು ಎಲ್ಲರೂ ಬಲ್ಲದ್ದೇ. ಭಾನುವಾರ ಸೈನ್ಯ ಜನರ ಮೇಲೆ ಗುಂಡು ಹಾರಿಸಿತು. ಮರುದಿನ ಬೆಳಿಗ್ಗೆ, ಗುಂಡು ಹಾರಿಸಿದ ವೊಲಿನ್‌ಸ್ಕಿ ದಳದ ಸಿಪಾಯಿಗಳೇ ಇನ್ನು ಹಾರಿಸುವುದಿಲ್ಲವೆಂದು ತಿರುಗಿ ನಿಂತರು. ಸಮವಸ್ತ್ರ ತೊಟ್ಟ ರೈತರ ಮಕ್ಕಳು ಅವರು. ಅವರ ಹಿಂದೆ ಇತರ ದಳಗಳೂ ನಡೆದವು. ಮುನ್ನೂರು ವರ್ಷಗಳ ರಾಜವಂಶ ಮಾರ್ಚ್ 16ರ ಹೊತ್ತಿಗೆ ಮುಗಿದಿತ್ತು.

ಅದೇ ಯುದ್ಧದ ತುಟ್ಟಿ ನಮ್ಮ ದೇಶವನ್ನೂ ಬಿಟ್ಟಿರಲಿಲ್ಲ. ಇಲ್ಲಿಂದ ಹತ್ತು ಲಕ್ಷಕ್ಕೂ ಹೆಚ್ಚು ಜನ ಆ ಯುದ್ಧಕ್ಕೆ ಹೋದರು. ಮೈಸೂರಿನ ಅಶ್ವದಳ 1918ರ ಸೆಪ್ಟೆಂಬರಿನಲ್ಲಿ ಹೈಫಾ ಊರನ್ನು ಗೆದ್ದ ಕಥೆಯನ್ನು ನಮ್ಮ ಮಕ್ಕಳು ಕೇಳಿರುತ್ತಾರೆ. ಅದೇ ವರ್ಷದ ಮಾರ್ಚಿಯಲ್ಲಿ ಅಹಮದಾಬಾದಿನ ಗಿರಣಿ ಕೆಲಸಗಾರರು ನೂರಕ್ಕೆ 35ರಷ್ಟು ಕೂಲಿ ಹೆಚ್ಚಿಸಬೇಕೆಂದು ಗಾಂಧೀಜಿಯವರ ನೇತೃತ್ವದಲ್ಲಿ ಹೋರಾಡಿದ್ದನ್ನು ಎಷ್ಟು ಮಕ್ಕಳು ಕೇಳಿದ್ದಾರೆ? ಏಪ್ರಿಲಿನಲ್ಲಿ ಮದ್ರಾಸಿನ ಪೆರಂಬೂರಿನಲ್ಲಿ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿಗಳ ಆಳುಗಳಿಂದ ಮದ್ರಾಸ್ ಲೇಬರ್ ಯೂನಿಯನ್ ಹುಟ್ಟಿತು. ಬಿ. ಪಿ. ವಾಡಿಯಾ ಅದರ ಅಧ್ಯಕ್ಷರು. ಆದರೆ ಆಳುಗಳ ಕಷ್ಟವನ್ನು ಅವರವರೆಗೆ ಮುಟ್ಟಿಸಿದವರು ಸೆಲ್ವಪತಿ ಚೆಟ್ಟಿಯಾರ್ ಮತ್ತು ರಾಮಾನುಜುಲು ನಾಯ್ಡು ಎಂಬ ಇಬ್ಬರು ವ್ಯಾಪಾರಿಗಳು. ಗಿರಣಿಯಾಳಿನ ಹೊಟ್ಟೆಯ ಸುದ್ದಿ ಅವನು ಉದ್ದರಿ ಕೇಳುವ ಅಂಗಡಿಯವನಿಗೆ ಗೊತ್ತಿಲ್ಲದೆ ಇನ್ಯಾರಿಗೆ ಗೊತ್ತಿರಬೇಕು! ಪೆಟ್ರೋಗ್ರಾಡಿನ ಒಡೆದ ಅಂಗಡಿಯ ಪಕ್ಕದಲ್ಲಿ ಪೆರಂಬೂರಿನ ಈ ಅಂಗಡಿಯನ್ನೂ ಇಟ್ಟು ತೋರಿಸುವ ಉಪಾಧ್ಯಾಯರಿಗೆ ನಮ್ಮ ನಮಸ್ಕಾರ.

ಇನ್ನು ಪಾಠವನ್ನು ಎಲ್ಲಿಯವರೆಗೆ ಒಯ್ಯಬೇಕೆಂಬ ಪ್ರಶ್ನೆ. ಇಲ್ಲಿ ನಮ್ಮ ಮಿತ್ರರಲ್ಲೇ ಭಿನ್ನಾಭಿಪ್ರಾಯವಿದೆ. ಅಕ್ಟೋಬರ್ ಕ್ರಾಂತಿ, ಭೂಮಿಯ ಶಾಸನ, ಶಾಂತಿಯ ಶಾಸನ, ಇಷ್ಟಕ್ಕೆ ನಿಲ್ಲಿಸಿ, ಮುಂದಿನದನ್ನು ಹೇಳಿದರೆ ಬಂಡವಾಳಗಾರರ ಕೈಗೆ ಕೋಲು ಕೊಟ್ಟಂತೆ ಎಂದು ಕೆಲವರು ವಾದಿಸುತ್ತಾರೆ. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದು ಹೋದ ಮೇಲೆ ಈ ಪಾಠವೇ ಏಕೆ ಎಂದು ಎದುರು ಪಾಳೆಯದವರು ನಗುತ್ತಾರೆ. ಇಬ್ಬರಿಗೂ ನಮ್ಮ ಉತ್ತರ ಒಂದೇ: ಪೂರ್ತಿ ಹೇಳಿ.

1917ರ ನವೆಂಬರಿನಲ್ಲಿ ರಷ್ಯದ ಜನ, ಹೆಂಗಸರೂ ಸೇರಿ, ಸಂವಿಧಾನ ಸಭೆಗೆ ಮತ ಹಾಕಿದರು. ನಾಲ್ಕು ಕೋಟಿಗೂ ಹೆಚ್ಚು ಮತಗಳು. ರೈತರ ಬೆಂಬಲವಿದ್ದ ಸಮಾಜವಾದಿ ಕ್ರಾಂತಿಕಾರಿ ಪಕ್ಷಕ್ಕೆ ಎಲ್ಲರಿಗಿಂತ ಹೆಚ್ಚು ಸ್ಥಾನ ಬಂದವು. ಲೆನಿನ್ನರ ಪಕ್ಷಕ್ಕೆ ಬಂದದ್ದು ಸುಮಾರು ಕಾಲು ಭಾಗದ ಮತ. ಆ ಸಭೆ 1918ರ ಜನವರಿ 18ರಂದು ಸೇರಿತು. ಒಂದೇ ಒಂದು ದಿನ ನಡೆಯಿತು. ಮರುದಿನ ಬಾಗಿಲಿಗೆ ಬೀಗ ಬಿತ್ತು. ಸಭೆಯ ಪರವಾಗಿ ಮೆರವಣಿಗೆ ಹೊರಟವರ ಮೇಲೆ ಗುಂಡು ಹಾರಿತು. ಸತ್ತವರಲ್ಲಿ ಕಾರ್ಖಾನೆಯ ಆಳುಗಳಿದ್ದರು. ಸುತ್ತ ಶತ್ರುಗಳಿದ್ದರು, ಯುದ್ಧವಿತ್ತು ಎಂಬ ಸಮಾಧಾನವನ್ನು ನಾವು ಬಹಳ ಕೇಳಿದ್ದೇವೆ. ಅದರಲ್ಲಿ ಹುರುಳಿಲ್ಲವೆಂದಲ್ಲ. ಆದರೆ ಆಳು ಹಾಕಿದ ಮತವನ್ನು ಆಳಿನ ಹೆಸರಿನಲ್ಲಿಯೇ ಮುಚ್ಚಿಡಬಹುದೆಂಬ ವಾದ ನಮಗೆ ಒಪ್ಪಿಗೆಯಿಲ್ಲ.

1921ರ ಫೆಬ್ರವರಿ. ಅದೇ ಪೆಟ್ರೋಗ್ರಾಡ್, ಅದೇ ಚಳಿ, ಮತ್ತೆ ರೊಟ್ಟಿಯ ಪಡಿ ಕಡಿತ. ಕಾರ್ಖಾನೆಗಳಲ್ಲಿ ಮತ್ತೆ ಮುಷ್ಕರ. ಈ ಸಲ ಅದನ್ನು ಮುರಿಯಲು ಬಂದದ್ದು ಜಾರನ ಪೊಲೀಸರಲ್ಲ. ಹತ್ತಿರದ ಕ್ರಾನ್‌ಸ್ಟಾಟ್ ನೌಕಾನೆಲೆಯ ನಾವಿಕರು, 1917ರಲ್ಲಿ ಕ್ರಾಂತಿಯ ಹೆಮ್ಮೆಯೆನಿಸಿಕೊಂಡ ನೆಲೆಯವರು, ಆಳುಗಳ ಪರ ನಿಂತು ನಿರ್ಣಯ ಮಾಡಿದರು: ಸೋವಿಯತ್ತುಗಳಿಗೆ ಗುಪ್ತ ಮತದಾನದಿಂದ ಹೊಸ ಚುನಾವಣೆಯಾಗಲಿ, ಕೆಲಸಗಾರರಿಗೂ ರೈತರಿಗೂ ಮಾತಿನ ಸ್ವಾತಂತ್ರ್ಯವಿರಲಿ, ಸೆರೆಯಲ್ಲಿರುವ ಸಮಾಜವಾದಿಗಳನ್ನು ಬಿಡಿ, ದುಡಿಯುವವರಿಗೆಲ್ಲ ಸಮಾನ ಪಡಿ ಕೊಡಿ. ಮಾರ್ಚಿಯಲ್ಲಿ ಹೆಪ್ಪುಗಟ್ಟಿದ ಸಮುದ್ರದ ಮೇಲೆ ಕೆಂಪು ಸೈನ್ಯ ನಡೆದುಹೋಗಿ ಆ ನೆಲೆಯನ್ನು ಅಡಗಿಸಿತು. ಅದೇ ತಿಂಗಳು ಲೆನಿನ್ನರ ಸರ್ಕಾರ ರೈತರಿಂದ ಧಾನ್ಯ ಕಸಿಯುವುದನ್ನು ನಿಲ್ಲಿಸಿ, ತೆರಿಗೆ ಕೊಟ್ಟು ಉಳಿದದ್ದನ್ನು ಮಾರಿಕೊಳ್ಳಲು ಬಿಟ್ಟಿತು. ಸಣ್ಣ ಅಂಗಡಿಗಳು ಮತ್ತೆ ತೆರೆದವು. ಮತಪೆಟ್ಟಿಗೆ ಮಾತ್ರ ತೆರೆಯಲಿಲ್ಲ.

ಪ್ರಶ್ನೆಪತ್ರಿಕೆ ತಯಾರಿಸುವವರಲ್ಲಿ ನಮ್ಮದೊಂದು ವಿನಂತಿ. ಕಾರಣ ಪರಿಣಾಮಗಳ ಹಳೆಯ ಪ್ರಶ್ನೆಯನ್ನು ಒಂದು ವರ್ಷ ಕೈಬಿಟ್ಟು, ಇದನ್ನು ಕೇಳಿ ನೋಡಲಿ: "1917ರಲ್ಲಿ ರೊಟ್ಟಿ ಕೇಳಿದವರು ಏನನ್ನು ಪಡೆದರು, 1921ರಲ್ಲಿ ರೊಟ್ಟಿ ಕೇಳಿದವರು ಏನನ್ನು ಪಡೆದರು?" ಅಂಕ ಎಷ್ಟು ಬೇಕಾದರೂ ಇಡಲಿ. ಉತ್ತರ ಬರೆಯುವ ಹುಡುಗ ಹಿಂದಿನ ರಾತ್ರಿ ಮನೆಯಲ್ಲಿ ತಂದೆಯನ್ನೂ, ಬೀದಿಯ ಕೊನೆಯ ಅಂಗಡಿಯವರನ್ನೂ ಕೇಳಿಕೊಂಡು ಬರಲಿ.