ಗದ್ದಲದ ಹಿಂದಿನ ಮನುಷ್ಯರು

ರಾಕ್, ಮೆಟಲ್ ಎಂದರೆ ಕಿವಿಗೆ ಹತ್ತಿ ಇಟ್ಟುಕೊಳ್ಳಬೇಕಾದ ಸಂಗೀತವೆಂಬುದು ನಮ್ಮ ಕೋಟೇಶ್ವರದ ಹಿರಿಯರ ತೀರ್ಪು. ರಾತ್ರಿಯಿಡೀ ಚೆಂಡೆಯ ಎದುರು ಕೂತು ಆಟ ನೋಡುವವರೇ ಹೀಗೆನ್ನುವುದು ತಮಾಷೆ! ಸಂಗೀತ ಬೇಡವಾದರೆ ಬೇಡ, ಅದರ ಕಲಾವಿದರ ಸಾಕ್ಷ್ಯಚಿತ್ರಗಳನ್ನಾದರೂ ನೋಡಬೇಕು.

ಐರನ್ ಮೇಡನ್ ತಂಡ 2007ರ ಮಾರ್ಚ್ 17ರಂದು ಬೆಂಗಳೂರಿನ ಅರಮನೆ ಮೈದಾನದಲ್ಲಿ ಹಾಡಿತ್ತು. ಮರುವರ್ಷ ಮುಂಬಯಿಯಿಂದ ಹೊರಟ ಅವರ ಪ್ರವಾಸದ ಚಿತ್ರ 'ಫ್ಲೈಟ್ 666' (2009). ತಂಡ, ಸಾಮಾನು ಎಲ್ಲ ಹೊತ್ತ ಬೋಯಿಂಗ್ 757 ವಿಮಾನವನ್ನು ಗಾಯಕ ಬ್ರೂಸ್ ಡಿಕಿನ್ಸನ್ನನೇ ಹಾರಿಸುತ್ತಾನೆ. ವಿಜ್ಞಾನದ ಮೇಷ್ಟ್ರಿಗೆ ಇಷ್ಟವಾಗದಿದ್ದೀತೇ?

ಆದರೂ ನನ್ನ ಮೊದಲ ಮಣೆ ಸಾಚಾ ಗರ್ವಾಸಿ ನಿರ್ದೇಶಿಸಿದ 'ಆ್ಯನ್‌ವಿಲ್' (2008) ಚಿತ್ರಕ್ಕೆ. ಕೆನಡಾದ ಈ ತಂಡ 1984ರಲ್ಲಿ ಜಪಾನಿನಲ್ಲಿ ಬಾನ್ ಜೋವಿ, ಸ್ಕಾರ್ಪಿಯನ್ಸ್ ತಂಡಗಳ ಜೊತೆ ವೇದಿಕೆಯೇರಿತ್ತು. ಜೊತೆಯವರು ಕೋಟ್ಯಧೀಶರಾದರು, ಇವರನ್ನು ಜನ ಮರೆತರು. ಗಾಯಕ 'ಲಿಪ್ಸ್' ಐವತ್ತರ ಪ್ರಾಯದಲ್ಲಿ ಶಾಲೆಗಳಿಗೆ ಊಟ ತಲುಪಿಸುವ ಕೆಲಸದಲ್ಲಿದ್ದಾನೆ. ನಮ್ಮ ಬಿಸಿಯೂಟದ ಹಾಗೆ ಎನ್ನಿ. ಯುರೋಪಿಗೆ ಹೋದರೆ ರೈಲು ತಪ್ಪುತ್ತದೆ. 10,000 ಜನ ಹಿಡಿಸುವ ಸಭಾಂಗಣಕ್ಕೆ ಬಂದವರು 174! ಮಳೆಗಾಲದಲ್ಲಿ ಕೂಲಿಗೆ ಹೋಗಿ, ದೀಪಾವಳಿ ಕಳೆದ ಮೇಲೆ ಮತ್ತೆ ಗೆಜ್ಜೆ ಕಟ್ಟುವ ನಮ್ಮ ಮೇಳದವರು ನೆನಪಾದರು. ಹದಿನಾಲ್ಕರಿಂದಲೇ ಗೆಳೆಯನಾದ ಡ್ರಮ್ ವಾದಕ ರಾಬ್ ಜೊತೆ ಜಗಳ, ಅಳು, ಮತ್ತೆ ರಾಜಿ. ಹೊಸ ಆಲ್ಬಮ್ಮಿಗೆ ಅಕ್ಕನಿಂದ ಸಾಲ.

ಕೊನೆಗೆ ಜಪಾನಿನಿಂದಲೇ ಕರೆ ಬರುತ್ತದೆ. ಆದರೆ ಕೊಟ್ಟ ಸಮಯ ಬೆಳಗ್ಗಿನ 11.30ರ ಸುಮಾರು. ಆ ಹೊತ್ತಿಗೆ ಯಾರು ಬಂದಾರೆಂದು ಅಂಜುತ್ತಲೇ ಇಬ್ಬರೂ ವೇದಿಕೆಯತ್ತ ನಡೆಯುತ್ತಾರೆ. ಸಭಾಂಗಣ ತುಂಬಿತ್ತೋ ಇಲ್ಲವೋ, ನೀವೇ ನೋಡಿ.